ದುಡ್ಡಿನ ಪಾಳಿ ಮತ್ತು ನುಸಿಗುಳಿಗೆಯ ಸೀರೆ

ವಿಮಾನ ನಿಲ್ದಾಣದ ಶೀಘ್ರ ಸಾಲಿಗೆ ದುಡ್ಡು ಕಟ್ಟಬೇಕೋ ಬೇಡವೋ ಎಂದು ಕೇಳಿಕೊಂಡು ನಮ್ಮ ಮನೆಗೆ ಬರುವವರು ಈಚೆಗೆ ಬಹಳ ಆಗಿದ್ದಾರೆ. ಆ ಸಾಲಿನಲ್ಲಿ ಏಳು ವರ್ಷದ ಅನುಭವ ಇರುವವರು ಇಡೀ ಗದಗಿನಲ್ಲಿ ನಾವಿಬ್ಬರೇ ಎಂಬ ಸುದ್ದಿಯನ್ನು ಯಾರು ಹಬ್ಬಿಸಿದರೋ ಗೊತ್ತಿಲ್ಲ. ಹೌದು ಅಥವಾ ಇಲ್ಲ ಎಂದು ಹೇಳಿ ಕಳಿಸಿಬಿಟ್ಟರೆ ಅವರಿಗೂ ಅನುಕೂಲ, ನನ್ನ ಒಲೆಯ ಮೇಲಿನ ಕೆಲಸವೂ ಆಗುತ್ತದೆ. ಆದರೆ ಅಷ್ಟು ಚಿಕ್ಕ ಉತ್ತರ ನನ್ನ ಹತ್ತಿರ ಇಲ್ಲ. ಕೂಡಿಸಿ, ಚಹಾ ಕೊಟ್ಟು, ಮೊದಲಿಂದ ಹೇಳುತ್ತೇನೆ. ಅರ್ಧಕ್ಕೇ ಎದ್ದು ಹೋದವರೂ ಇದ್ದಾರೆ, ಅವರ ಹಣೆಬರಹ.

ನಮ್ಮ ಮನೆಯವರು ಮೌನೇಶಪ್ಪ ಬಡಿಗೇರ. ಹಾರ್ಮೋನಿಯಂ ದುರಸ್ತಿ ಮಾಡುತ್ತಾರೆ. ಸಂಗೀತದ ಯಂತ್ರಗಳು ಎಳ್ಳಷ್ಟೂ ತಪ್ಪದೆ ಬಾರಿಸತೊಡಗಿದ ಕಾಲದಲ್ಲಿ ಇವರ ಕೆಲಸ ಮುಗಿಯಿತೆಂದೇ ನಾನು ತಿಳಿದಿದ್ದೆ. ಆದದ್ದು ಬೇರೆ. ತಪ್ಪೇ ಇಲ್ಲದ ಸ್ವರ ಕೇಳಿ ಕೇಳಿ ಜನಕ್ಕೆ ಬೇಸರ ಬಂತು. ಅಟ್ಟದ ಮೇಲಿದ್ದ ಹಳೆಯ ಪೆಟ್ಟಿಗೆಗಳು ಕೆಳಗಿಳಿದವು, ಅವನ್ನು ರಿಪೇರಿ ಮಾಡಬಲ್ಲ ಕೈಗಳು ಮಾತ್ರ ದೇಶದಲ್ಲಿ ಹತ್ತೋ ಹನ್ನೆರಡೋ ಉಳಿದಿದ್ದವು. ಕೊಲ್ಕತ್ತಾದ ಒಂದು ಸಂಗೀತ ಶಾಲೆಯವರು ಇವರನ್ನು ತಿಂಗಳಿಗೊಮ್ಮೆ ವಿಮಾನದಲ್ಲಿ ಕರೆಸಿಕೊಳ್ಳತೊಡಗಿದರು.

ಹಾರ್ಮೋನಿಯಂ ಒಳಗೆ ಸಾಲಾಗಿ ಹಿತ್ತಾಳೆಯ ನಾಲಿಗೆಗಳಿರುತ್ತವೆ, ಒಂದೊಂದು ಸ್ವರಕ್ಕೆ ಒಂದೊಂದು. ನಾಲಿಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೂದಲಿನ ಅರ್ಧದಷ್ಟು ಹೆಚ್ಚು ಕೆರೆದರೂ ಆ ನಾಲಿಗೆ ಹೋದಂತೆಯೇ, ಮತ್ತೆ ತಂದು ಅಂಟಿಸಲು ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತು ತಿದಿ ಒತ್ತುತ್ತೇನೆ, ಇವರು ಕಣ್ಣು ಮುಚ್ಚಿ ಕೇಳುತ್ತ ಕೆರೆಯುತ್ತಾರೆ. ಮೂವತ್ತು ವರ್ಷದಿಂದ ಹೀಗೇ. ಅದಕ್ಕೇ ಎಲ್ಲಿಗೆ ಹೋದರೂ ಇಬ್ಬರೂ ಹೋಗಬೇಕು. ಇವರ ಬೆರಳು ಒಂದು ಸಲವೂ ನಡುಗಿದ್ದನ್ನು ನಾನು ಕಂಡಿಲ್ಲ. ನಮ್ಮ ಮನೆ ನಿಂತಿರುವುದು ಆ ಬೆರಳುಗಳ ಮೇಲೆ. ಈ ಕಥೆಯೂ ಅವುಗಳದ್ದೇ.

ಇನ್ನು ವಿಮಾನ ನಿಲ್ದಾಣದ ವಿಷಯ. ಬೆಲ್ಟು ಬಿಚ್ಚಿ, ಚೀಲವನ್ನು ಪಟ್ಟಿಯ ಮೇಲಿಟ್ಟು, ಕೈ ಎತ್ತಿ ನಿಲ್ಲುತ್ತಿದ್ದ ತಪಾಸಣೆ ನಿಮಗೆ ನೆನಪಿರಬಹುದು. ಲೋಹವೇ ಇಲ್ಲದ, ಬಟ್ಟೆಯಂತೆ ಮಡಚಿ ಒಯ್ಯಬಹುದಾದ ಸ್ಫೋಟಕಗಳು ಬಂದ ಮೇಲೆ ಆ ಯಂತ್ರಗಳು ಪ್ರಯೋಜನಕ್ಕೆ ಬಾರದೆ ಹೋದವು. ಅವುಗಳ ಜಾಗಕ್ಕೆ ಬಂದದ್ದು ಮೂಗು. ಅದಕ್ಕೊಂದು ಉದ್ದನೆಯ ಹೆಸರಿದೆ, ಆದರೆ ಎಲ್ಲರೂ ಮೂಗು ಎಂದೇ ಕರೆಯುತ್ತಾರೆ.

ಮೂಗು ಎಂದರೆ ಒಂದು ಗಾಜಿನ ಗೂಡು. ಒಳಗೆ ನಿಂತರೆ ಕಾಲ ಬುಡದಿಂದ ಬೆಚ್ಚಗಿನ ಗಾಳಿ ಏಳುತ್ತದೆ, ಮೈಯ ಬಟ್ಟೆಯ ವಾಸನೆಯನ್ನೆಲ್ಲ ಎತ್ತಿಕೊಂಡು ಮೇಲಿನ ಕೊಳವೆಯೊಳಗೆ ಹೋಗುತ್ತದೆ. ಅಲ್ಲಿ ಸಾವಿರಾರು ಸಣ್ಣ ಎಳೆಗಳು. ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಪದಾರ್ಥ ಏನಿದೆಯೋ ಅದನ್ನೇ ಪ್ರಯೋಗಶಾಲೆಯಲ್ಲಿ ಬೆಳೆಸಿ ಆ ಎಳೆಗಳಿಗೆ ಬಳಿದಿದ್ದಾರೆ. ಒಂದೊಂದು ಎಳೆ ಒಂದೊಂದು ವಾಸನೆಯನ್ನು ಹಿಡಿದುಕೊಳ್ಳುತ್ತದೆ. ಅಪಾಯದ ಪಟ್ಟಿಯೊಂದಿಗೆ ಎಲ್ಲವನ್ನೂ ತಾಳೆ ನೋಡುವುದಕ್ಕೆ ಒಬ್ಬರಿಗೆ ನಾಲ್ಕು ನಿಮಿಷ. ಮುಂದೆ ಅರವತ್ತು ಜನ ಇದ್ದರೆ, ಗೂಡು ಮೂರೇ ಇದ್ದರೆ, ಎಷ್ಟು ಹೊತ್ತಾಯಿತು ನೀವೇ ನೋಡಿಕೊಳ್ಳಿ. ಅದು ದೊಡ್ಡ ಪಾಳಿ.

ಪಕ್ಕದಲ್ಲೇ ಶೀಘ್ರ ಸಾಲು, ನಮ್ಮ ಜನರ ಬಾಯಲ್ಲಿ ದುಡ್ಡಿನ ಪಾಳಿ. ವರ್ಷಕ್ಕೊಮ್ಮೆ ಹಣ ಕಟ್ಟಿ ನಿಮ್ಮ ವಾಸನೆಯನ್ನು ಒಮ್ಮೆ ಬರೆಸಿಡಬೇಕು. ಆಮೇಲೆ ನೀವು ಬಂದಾಗಲೆಲ್ಲ ಮೂಗು ಆ ಬರೆದಿಟ್ಟ ವಾಸನೆಯನ್ನು ಕಳೆದು, ಮಿಕ್ಕದ್ದನ್ನು ಮಾತ್ರ ನೋಡುತ್ತದೆ. ಮಿಕ್ಕದ್ದು ಸ್ವಲ್ಪವೇ ಇದ್ದರೆ ಹತ್ತು ಸೆಕೆಂಡಿನಲ್ಲಿ ಬಾಗಿಲು ತೆರೆಯುತ್ತದೆ. ಹೆಚ್ಚಿದ್ದರೆ ತೆರೆಯುವುದಿಲ್ಲ, ಹೋಗಿ ದೊಡ್ಡ ಪಾಳಿಯ ಬಾಲಕ್ಕೆ ನಿಲ್ಲಬೇಕು.

ಒಂದು ಸಲ ದೊಡ್ಡ ಪಾಳಿಯಲ್ಲಿ ನಿಂತು ನಿಂತು ನಮ್ಮ ವಿಮಾನ ನಮ್ಮ ಕಣ್ಣೆದುರೇ ಹಾರಿಹೋಯಿತು. ಮನೆಗೆ ಬಂದ ಮೇಲೆ ಇವರು ದುಡ್ಡಿನ ಪಾಳಿಯ ಮಾತು ತೆಗೆದರು. ಆಗ ಇವರು ಅಂಗಳದಲ್ಲಿ ಒಂದು ಹಳೆಯ ತಿದಿಯ ಚರ್ಮ ಬಿಚ್ಚುತ್ತ ಕೂತಿದ್ದರು.

"ಸಾಲಿನೊಳಗ ನಿಲ್ಲೂದು ತಪ್ಪತೈತಿ. ಕಟ್ಟಿಬಿಡೂಣು," ಅಂದರು.

"ನಿಂತ್ರ ಕಾಲು ಸವದು ಹೋಗತಾವೇನು? ಒಂದು ತಾಸು ಮೊದಲ ಮನಿ ಬಿಡೂಣು. ಅದಕ್ಕ ದುಡ್ಡು ಕೊಡಬೇಕಾಗಿಲ್ಲ," ಅಂದೆ ನಾನು.

"ನಿನಗ ಎಲ್ಲಾದಕ್ಕೂ ದುಡ್ಡಿಂದ ಚಿಂತಿ. ಈ ಚರ್ಮ ಒಂಚೂರು ಮೂಸಿ ನೋಡು, ಬೂಸ್ಟು ಹಿಡದೈತೇನು?"

ಮೊದಲೆಲ್ಲ ಅದನ್ನು ಇವರೇ ನೋಡುತ್ತಿದ್ದರು. ಬೂಸ್ಟು ಹಿಡಿದ ಚರ್ಮವನ್ನು ಪೆಟ್ಟಿಗೆ ತೆರೆಯುವ ಮೊದಲೇ ಹೇಳುತ್ತಿದ್ದರು, ಅದೊಂದು ಹೆಮ್ಮೆ ಅವರಿಗೆ. ಈಗೊಂದು ವರ್ಷದಿಂದ ನನ್ನ ಮುಂದೆ ಹಿಡಿಯುತ್ತಿದ್ದರು. ವಯಸ್ಸಾದಂತೆ ಹೆಂಡತಿಗೆ ಕೆಲಸ ಹಚ್ಚುವ ಚಾಳಿ ಬಂದಿದೆ ಎಂದುಕೊಂಡೆ. ಮೂಸಿದೆ, ಬೂಸ್ಟು ಹಿಡಿದಿತ್ತು. ಆ ಸಿಟ್ಟಿನಲ್ಲೋ ಏನೋ, ಕಟ್ಟಿಕೊಳ್ಳಿ ಹಾಗಾದರೆ ಅಂದುಬಿಟ್ಟೆ.

ಹೆಸರು ನೋಂದಾಯಿಸುವ ದಿನ ನಾವು ಮಾಡಿದ ತಪ್ಪನ್ನು ನಮ್ಮಂಥವರೇ ಮಾಡಬೇಕು. ಸರಕಾರದ ಕಾಗದ, ಯಂತ್ರದೊಳಗೆ ಶಾಶ್ವತವಾಗಿ ಉಳಿಯುವ ಗುರುತು ಎಂದರೆ ನಮಗೆ ಮದುವೆಯ ಫೋಟೋ ಇದ್ದ ಹಾಗೆ. ಬೆಳಿಗ್ಗೆ ಎದ್ದು ಇವರಿಗೆ ಎಣ್ಣೆ ಹಚ್ಚಿ ಸೀಗೆಕಾಯಿಯಿಂದ ಎರೆದೆ. ಲೋಬಾನದ ಹೊಗೆಗೆ ತಲೆ ಒಣಗಿಸಿದೆ. ಗಂಜಿ ಹಾಕಿದ ಧೋತರ, ಹಣೆಗೆ ಗಂಧ. ನಾನು ಟ್ರಂಕಿನ ತಳದಿಂದ ಮಗಳ ಮದುವೆಯಲ್ಲಿ ಉಟ್ಟಿದ್ದ ಇಳಕಲ್ ರೇಷ್ಮೆ ಸೀರೆ ತೆಗೆದು ಉಟ್ಟೆ, ಮಲ್ಲಿಗೆ ದಂಡೆ ಮುಡಿದೆ. ಇವರ ರೇಷ್ಮೆ ಅಂಗಿಯೂ ಅದೇ ಟ್ರಂಕಿನದು. ಟ್ರಂಕಿನ ತುಂಬ ನುಸಿಗುಳಿಗೆ, ನಮ್ಮ ಕಡೆ ಡಾಂಬರ ಗುಳಿಗಿ ಅನ್ನುತ್ತಾರೆ. ನಾವು ಗಾಜಿನ ಗೂಡಿನಲ್ಲಿ ಒಬ್ಬರ ನಂತರ ಒಬ್ಬರು ನಿಂತೆವು, ಮೂಗು ನಮ್ಮನ್ನು ಚೆನ್ನಾಗಿ ಮೂಸಿಕೊಂಡಿತು. ದಿನನಿತ್ಯದ ಸ್ಥಿತಿಯಲ್ಲಿ ಬರಬೇಕು ಎಂದು ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ. ನಾನು ಅದನ್ನು ಓದಿದ್ದು ಒಂದು ತಿಂಗಳ ಮೇಲೆ.

ಆ ತಿಂಗಳು ಕೊಲ್ಕತ್ತಾಕ್ಕೆ ಹೊರಟಾಗ ನಾನು ನೂಲಿನ ಸೀರೆ ಉಟ್ಟಿದ್ದೆ, ಇವರು ಎಂದಿನ ಪೈಜಾಮ. ದುಡ್ಡಿನ ಪಾಳಿಯಲ್ಲಿ ನಮ್ಮ ಮುಂದಿನವರೆಲ್ಲ ಸರಸರ ದಾಟಿದರು. ನನಗೆ ಬಾಗಿಲು ತೆರೆಯಲಿಲ್ಲ. ಇವರಿಗೂ ತೆರೆಯಲಿಲ್ಲ. ಹಿಂದಿನವರು ಗೊಣಗತೊಡಗಿದಾಗ ಪಕ್ಕದ ಕೋಣೆಯಿಂದ ಒಬ್ಬ ಹುಡುಗಿ ಹೊರಗೆ ಬಂದಳು. ಇಪ್ಪತ್ತೆಂಟು ಮೂವತ್ತು ವಯಸ್ಸು, ತಲೆಗೆ ನೀಲಿ ಬಟ್ಟೆ, ಎದೆಯ ಮೇಲೆ ಹೆಸರಿನ ಪಟ್ಟಿ. ಶಾಹೀನ ನದಾಫ, ಮೂಗಿನ ನಿಯಂತ್ರಣ ಕೋಣೆಯವಳು.

"ಅಕ್ಕಾರ, ನೀವು ಹೆಸರು ಬರಸೂ ಮುಂದ ಏನರ ಹಬ್ಬ ಇತ್ತೇನ್ರಿ?" ಅಂದಳು.

"ಯಾಕವಾ?"

"ಮೂಗು ನಿಮ್ಮ ಮೈಮ್ಯಾಲೆ ಡಾಂಬರ ಗುಳಿಗಿ ಹುಡಕಾಕತ್ತೈತ್ರಿ. ಅದು ಸಿಗವಲ್ದು. ಅದಕ್ಕ ನೀವು ನೀವಲ್ಲ ಅಂತೈತಿ."

ಅವಳು ನಗದೇ ಇರಲು ಬಹಳ ಪ್ರಯತ್ನ ಮಾಡಿದಳು, ಆಗಲಿಲ್ಲ. ಇನ್ನೊಮ್ಮೆ ವಾಸನೆ ಬರೆಸಬಹುದು, ಆದರೆ ಅದಕ್ಕೆ ಮತ್ತೆ ಹಣ ಕಟ್ಟಬೇಕು ಎಂದು ತಿಳಿಸಿದಳು. ಮತ್ತೆ ಹಣ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ತಲೆ ಓಡತೊಡಗಿತು. ನಮ್ಮ ವಾಸನೆಯನ್ನು ಬದಲಿಸಬೇಕು ಎಂದರೆ ಹಣ ಬೇಕು. ನಾವೇ ಆ ವಾಸನೆಗೆ ಬದಲಾದರೆ ಯಾರಿಗೆ ಏನು ಕೊಡಬೇಕು?

ಮುಂದಿನ ತಿಂಗಳು ಅದೇ ಎಣ್ಣೆ, ಅದೇ ಸೀಗೆಕಾಯಿ, ಅದೇ ಲೋಬಾನ. ಅದೇ ಧೋತರಕ್ಕೆ ಅದೇ ಗಂಜಿ. ಅದೇ ರೇಷ್ಮೆ ಸೀರೆ. ಟ್ರಂಕಿಗೆ ಹೊಸ ಗುಳಿಗೆ ಹಾಕಿ ಮೂರು ದಿನ ಮೊದಲೇ ಬಟ್ಟೆಗಳನ್ನು ಅದರೊಳಗಿಟ್ಟಿದ್ದೆ. ಬಸ್ಸಿನಲ್ಲಿ ನಮ್ಮ ಪಕ್ಕ ಕೂತವರು ಎದ್ದು ಬೇರೆ ಕಡೆ ಹೋದರು. ಹೋಗಲಿ, ನಮಗೂ ಕಾಲು ಚಾಚಲು ಜಾಗವಾಯಿತು. ಗಾಜಿನ ಗೂಡಿನಲ್ಲಿ ನಿಂತೆವು, ಇಬ್ಬರಿಗೂ ಹತ್ತು ಸೆಕೆಂಡಿನಲ್ಲಿ ಬಾಗಿಲು ತೆರೆಯಿತು. ನಿಯಂತ್ರಣ ಕೋಣೆಯ ಕಿಟಕಿಯಿಂದ ಶಾಹೀನ ನಮ್ಮನ್ನು ನೋಡಿ ಹಣೆ ಹಣೆ ಬಡಿದುಕೊಂಡಳು. ಅದರ ಮುಂದಿನ ತಿಂಗಳೂ ಹಾಗೇ ಆಯಿತು. ಆ ಎರಡು ಸಲ ನನಗಾದ ಸಂತೋಷವನ್ನು ಏನು ಹೇಳಲಿ. ಯಂತ್ರವನ್ನೇ ಬಗ್ಗಿಸಿದ ಹೆಂಗಸು ನಾನು ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದೆ.

ಮೂರನೆಯ ಸಲ ನನಗೆ ಬಾಗಿಲು ತೆರೆಯಿತು, ಇವರಿಗೆ ತೆರೆಯಲಿಲ್ಲ.

"ಸರಿಯಾಗಿ ತೊಳಕೊಂಡಿಲ್ಲ ನೀವು," ಎಂದು ನಾನು ಬಾಗಿಲ ಆಚೆಯಿಂದಲೇ ಬೈದೆ. ಇವರು ಚೀಲ ಎತ್ತಿಕೊಂಡು ದೊಡ್ಡ ಪಾಳಿಯ ಬಾಲಕ್ಕೆ ಹೋದರು. ನಾನೊಬ್ಬಳೇ ಈ ಕಡೆ ಕುರ್ಚಿಯಲ್ಲಿ ಕೂತು, ಇವರು ಬರುವ ದಾರಿ ನೋಡುತ್ತ ಒಂದೂವರೆ ತಾಸು ಕಳೆದೆ. ವಿಮಾನದ ಬಾಗಿಲು ಹಾಕುವ ಹೊತ್ತಿಗೆ ಓಡುತ್ತ ಬಂದರು.

ನಾಲ್ಕನೆಯ ಸಲ ಹೊರಡುವ ಹಿಂದಿನ ದಿನ ಮನೆಯಲ್ಲಿ ಒಂದು ಘಟನೆ ಆಯಿತು. ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಎಂದು ಇವರಿಗೆ ಹೇಳಿ ಪಕ್ಕದ ಮನೆಗೆ ಹೋಗಿದ್ದೆ. ಮರಳಿ ಬರುವಾಗ ಓಣಿಯ ತುದಿಗೇ ಸೀದ ವಾಸನೆ. ಓಡಿ ಬಂದು ನೋಡಿದರೆ ಪಾತ್ರೆ ಕರ್ರಗಾಗಿದೆ, ಇವರು ಒಲೆಯಿಂದ ನಾಲ್ಕು ಮಾರು ದೂರದಲ್ಲಿ ಬೆನ್ನು ಮಾಡಿ ಕೂತು ಹಿತ್ತಾಳೆಯ ನಾಲಿಗೆ ಕೆರೆಯುತ್ತಿದ್ದಾರೆ.

"ಮನಿ ಸುಟ್ಟು ಬೂದಿ ಆದ್ರೂ ನಿಮಗ ಗೊತ್ತಾಗಂಗಿಲ್ಲ. ಮೂಗು ಎಲ್ಲಿ ಅಡವು ಇಟ್ಟೀರಿ?" ಅಂದೆ.

ಇವರು ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎದ್ದು ಹೋಗಿ ಬೂದಿ ಹಚ್ಚಿ ಪಾತ್ರೆ ತಿಕ್ಕತೊಡಗಿದರು. ಇಷ್ಟು ವರ್ಷದಲ್ಲಿ ಇವರು ಪಾತ್ರೆ ತಿಕ್ಕಿದ್ದು ಅದೇ ಮೊದಲು. ಆಗಲಾದರೂ ನನಗೆ ತಿಳಿಯಬೇಕಾಗಿತ್ತು. ತಿಳಿಯಲಿಲ್ಲ, ಸಿಟ್ಟಿನಲ್ಲಿದ್ದೆ.

ಮರುದಿನ ನಾನೇ ನಿಂತು ಇವರನ್ನು ತಿಕ್ಕಿ ತೊಳೆದೆ. ಸೀಗೆಕಾಯಿಯನ್ನು ಅಳತೆ ಮಾಡಿ ಹಾಕಿದೆ. ಲೋಬಾನದ ಹೊಗೆಯಲ್ಲಿ ಇವರು ಕೆಮ್ಮುವವರೆಗೂ ಕೂಡಿಸಿದೆ. ಆದರೂ ಗಾಜಿನ ಬಾಗಿಲು ನನಗೆ ತೆರೆಯಿತು, ಇವರಿಗೆ ತೆರೆಯಲಿಲ್ಲ. ದೊಡ್ಡ ಪಾಳಿ ಅವತ್ತು ಹೊರಗಿನ ಮೆಟ್ಟಿಲವರೆಗೂ ಬೆಳೆದಿತ್ತು. ವಿಮಾನ ತಪ್ಪಿತು. ಕೊಲ್ಕತ್ತಾದ ಶಾಲೆಯವರು ಫೋನಿನಲ್ಲಿ ಮರ್ಯಾದೆಯಿಂದಲೇ ಮಾತಾಡಿದರು, ಆದರೆ ಇನ್ನೊಮ್ಮೆ ಹೀಗಾದರೆ ಲಖನೌದವರನ್ನು ಕರೆಸುತ್ತೇವೆ ಅಂದರು.

ನಾನು ಸೋತೆ. ಹಣ ಕಟ್ಟಿ, ಹಳೆಯ ವಾಸನೆಯನ್ನು ಅಳಿಸಿ, ಹೊಸದಾಗಿ ಬರೆಸಿಬಿಡೋಣ ಎಂದು ಕೌಂಟರಿಗೆ ಹೋದೆ. ಅಲ್ಲಿದ್ದವನು ಕಾಗದ ಮುಂದಿಟ್ಟ. ಸಹಿ ಮಾಡಲು ಪೆನ್ನು ಹಿಡಿದಿದ್ದೆ. ಆಗ ಶಾಹೀನ ಹಿಂದಿನಿಂದ ಬಂದು ಕಾಗದದ ಮೇಲೆ ಅಂಗೈ ಇಟ್ಟಳು.

"ಇವತ್ತ ಬ್ಯಾಡ್ರಿ ಅಕ್ಕಾರ. ಹಳೇದು ಅಳಿಸಬ್ಯಾಡ್ರಿ. ಇಬ್ರೂ ಒಂಚೂರು ಒಳಗ ಬರ್ರಿ."

ನಿಯಂತ್ರಣ ಕೋಣೆ ಎಂದರೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ನೋಡಿದರೆ ನಮ್ಮ ಅಡುಗೆಮನೆಯಷ್ಟೇ ಜಾಗ, ಒಂದು ಫ್ಯಾನು, ಎರಡು ಪರದೆ, ಸ್ಟೀಲಿನ ಊಟದ ಡಬ್ಬಿ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ನಿಯಮ: ಮೂಗು ಅಪಾಯವನ್ನು ಹುಡುಕತಕ್ಕದ್ದು, ಪ್ರಯಾಣಿಕರ ರೋಗರುಜಿನವನ್ನು ಹುಡುಕತಕ್ಕದ್ದಲ್ಲ. ಅದರ ಕಾರಣ ಆಮೇಲೆ ಗೊತ್ತಾಯಿತು. ಮೊದಮೊದಲು ಇಂಥ ಯಂತ್ರಗಳು ಯಾರಿಗೆ ಯಾವ ಕಾಯಿಲೆ ಎಂದು ಊದಿ, ಎಷ್ಟೋ ಜನ ನೌಕರಿ ಕಳೆದುಕೊಂಡರಂತೆ. ಅದಕ್ಕೇ ಆ ಕಾನೂನು, ಮುರಿದವರಿಗೆ ಕೆಲಸವಿಲ್ಲ. ಒಳ್ಳೆಯ ಕಾನೂನೇ.

ಶಾಹೀನ ನಮ್ಮನ್ನು ಕೂಡಿಸಿದಳು. ಪರದೆಯನ್ನು ನಮ್ಮ ಕಡೆ ತಿರುಗಿಸಲಿಲ್ಲ.

"ನಾ ಏನೂ ಹೇಳಂಗಿಲ್ರಿ. ಹೇಳಿದ್ರ ನನ್ನ ನೌಕರಿ ಹೋಕ್ಕೈತಿ," ಅಂದಳು. "ಆದ್ರ ಪ್ಯಾಸೆಂಜರ್ ತಂದು ತಾನ ಬರದು ಕೇಳಿದ್ರ, ಮೂಗಿನ ಲೆಕ್ಕ ಕೊಡಬೇಕಂತ ಅದ ಕಾಯದೆದಾಗ ಐತಿ. ಈ ಅರ್ಜಿ ಬರದು ಕೊಡ್ರಿ."

ನನ್ನ ಸಿಟ್ಟು ನೆತ್ತಿಗೇರಿತು. ವಿಮಾನ ತಪ್ಪಿದೆ, ಕೆಲಸ ತಪ್ಪುವ ಹಾಗಿದೆ, ಇವಳಿಗೆ ಅರ್ಜಿ ಬೇಕಂತೆ. "ನಿಮ್ಮ ಮೂಗು ಕೆಟ್ಟೈತಿ, ಅದನ್ನ ರಿಪೇರಿ ಮಾಡ್ಸೂದು ಬಿಟ್ಟು ನಮ್ಮ ಕೈಲೆ ಅರ್ಜಿ ಬರಸತೀಯೇನು?" ಎಂದು ಎದ್ದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ನಮ್ಮಪ್ಪಗ ಗಾದಿ ತುಂಬೂ ಉದ್ಯೋಗ. ಹತ್ತಿ ಹಿಂಜೂ ಬಿಲ್ಲು ಹಿಡದ ಕೈ. ಈ ಮೂಗು ಹೊಸದಾಗಿ ಬಂದಾಗ ಪರೀಕ್ಷಾಕ್ಕಂತ ನಾವೆಲ್ಲಾ ನಮ್ಮ ನಮ್ಮ ಮನಿಯವರನ್ನ ಕರಕೊಂಡು ಬಂದು ನಿಲ್ಲಿಸಿದ್ವಿ. ಮೂಗು ಪರದೆ ಮ್ಯಾಲೆ ತಗದ ನಮ್ಮಪ್ಪನ ಗೆರಿಯೊಳಗ ಒಂದು ಕಡೆ ಗುಡ್ಡದಂಗ ಎದ್ದಿತ್ತು. ಅದು ಏನಂತ ಆವಾಗ ಯಾರಿಗೂ ತಿಳಿಲಿಲ್ಲ. ಮೂರು ವರ್ಷ ಆದಮ್ಯಾಲೆ ಆ ಕೈ ನಡಗಾಕ ಹತ್ತಿದಾಗ ತಿಳೀತ್ರಿ." ಆಮೇಲೆ ಹೇಳಿದಳು, "ಇಷ್ಟ ನಾ ಹೇಳಬಹುದು. ಇದು ನಮ್ಮಪ್ಪನ ಸುದ್ದಿ, ನಿಮ್ಮದಲ್ಲ."

ಇವರು ಕೈ ಚಾಚಿದರು. "ಪೆನ್ನು ಕೊಡವಾ," ಅಂದರು.

ಅರ್ಜಿ ಬರೆದ ಮೇಲೆ ಅವಳು ಪರದೆಯನ್ನು ತಿರುಗಿಸಿದಳು. ಇವರ ಐದು ತಿಂಗಳ ಐದು ಗೆರೆಗಳು. ಮೊದಲನೆಯದು ನೂಲಿನ ಸೀರೆಯ ತಿಂಗಳಿನದು, ಅಲ್ಲಿ ಏನಿದೆ ಏನಿಲ್ಲ ತಿಳಿಯದ ಹಾಗೆ ಎಲ್ಲ ಕಲಸಿಹೋಗಿತ್ತು. ಆಮೇಲಿನ ನಾಲ್ಕರಲ್ಲಿ ಗೆರೆ ನೀಟಾಗಿ ಮಲಗಿತ್ತು. ಎಣ್ಣೆಗೆ ಎಣ್ಣೆ, ಲೋಬಾನಕ್ಕೆ ಲೋಬಾನ, ಗುಳಿಗೆಗೆ ಗುಳಿಗೆ, ಎಲ್ಲ ಸರಿಯಾಗಿ ಕಳೆದುಹೋಗಿ ಒಂದೇ ಒಂದು ಕಡೆ ಮಾತ್ರ ಸಣ್ಣ ಗುಡ್ಡ. ತಿಂಗಳಿಂದ ತಿಂಗಳಿಗೆ ಅದು ಒಂದೊಂದು ಬೆರಳು ಎತ್ತರವಾಗಿತ್ತು.

"ಬ್ಯಾರೆ ಯಾರದರ ಆಗಿದ್ರ ಇದು ನನಗ ಕಾಣತಿದ್ದಿಲ್ರಿ," ಅಂದಳು ಶಾಹೀನ. "ದಿನಾ ಒಂದೊಂದು ಸಾಬಾನು, ಒಂದೊಂದು ಅಂಗಿ, ಒಂದೊಂದು ಊಟ. ಆ ಗದ್ದಲದಾಗ ಮುಚ್ಚಿ ಹೋಕ್ಕಿತ್ತು. ನೀವು ಪ್ರತಿ ಸಲ ಅದ ಎಣ್ಣಿ, ಅದ ಅಂಗಿ, ಅದ ಗುಳಿಗಿ ಅಂತ ಪ್ರಯೋಗಶಾಲಿಯವರಗಿಂತ ಚೊಕ್ಕ ಮಾಡಕೊಂಡು ಬಂದ್ರಿ. ಅದಕ್ಕ ಗುಡ್ಡ ಒಂದ ಉಳೀತು. ಈ ಹಾಳಿ ತಗೊಂಡು ನರದ ಡಾಕ್ಟರ ಕಡೆ ಹೋಗ್ರಿ. ಇವತ್ತ ಹೋಗ್ರಿ."

ವಿಮಾನ ಹೇಗೂ ತಪ್ಪಿತ್ತು. ಅಲ್ಲಿಂದಲೇ ಹುಬ್ಬಳ್ಳಿ ಊರೊಳಗಿನ ದೊಡ್ಡ ಆಸ್ಪತ್ರೆಗೆ ಹೋದೆವು.

ನರರೋಗದ ಡಾಕ್ಟರು ನಡುವಯಸ್ಸಿನ ಹೆಂಗಸು. ನಾನು ರೇಷ್ಮೆ ಸೀರೆಯಲ್ಲಿ, ಇವರು ಗಂಧ ಹಚ್ಚಿಕೊಂಡು ಬಂದದ್ದನ್ನು ನೋಡಿ ಲಗ್ನಪತ್ರಿಕೆ ಕೊಡಲು ಬಂದಿದ್ದಾರೆ ಅಂದುಕೊಂಡರೋ ಏನೋ. ಹಾಳೆ ನೋಡಿದ ಮೇಲೆ ಅವರ ಮುಖ ಬೇರೆಯಾಯಿತು. ಇವರ ಬೆರಳು ಚಾಚಿಸಿ ನೋಡಿದರು, ನಡೆಸಿ ನೋಡಿದರು. ಎಲ್ಲ ಸರಿಯಾಗಿತ್ತು. ಕೊನೆಗೆ ಒಂದು ಪ್ರಶ್ನೆ ಕೇಳಿದರು.

"ನಿಮಗ ವಾಸನಿ ಯಾವಾಗಿಂದ ಬರವಲ್ದು?"

ನಾನು ಇವರ ಕಡೆ ತಿರುಗಿದೆ. ಇವರು ನೆಲ ನೋಡುತ್ತಿದ್ದರು.

"ಎರಡು ವರ್ಷ ಆತ್ರಿ," ಅಂದರು. "ಮೊದಲ ಅರಗಿನ ಪಾಲಿಶಿನ ವಾಸನಿ ಹೋತು. ಆಮ್ಯಾಲೆ ಚರ್ಮದ್ದು. ಈಗ ಏನೂ ಇಲ್ರಿ."

"ನನಗ ಯಾಕ ಹೇಳಲಿಲ್ಲ?" ಅಂದೆ.

"ಚರ್ಮ ಮೂಸಿ ಹೇಳಾವ ಅಂತ ನನಗ ಹೆಸರು. ಅದ ಇಲ್ಲ ಅಂತ ಹೆಂಗ ಹೇಳ್ಲಿ."

ಡಾಕ್ಟರು ಮುಚ್ಚುಮರೆಯಿಲ್ಲದೆ ತಿಳಿಸಿ ಹೇಳಿದರು. ಕಂಪವಾತ. ಕೈಕಾಲಿನ ಚಲನೆಯನ್ನು ಹದದಲ್ಲಿಡುವ ಮಿದುಳಿನ ಜೀವಕೋಶಗಳು ಒಂದೊಂದಾಗಿ ಸಾಯುವ ರೋಗ. ಕೈ ನಡುಗಲು ಶುರುವಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಸತ್ತಿರುತ್ತವೆ. ಅದಕ್ಕಿಂತ ವರ್ಷಗಟ್ಟಲೆ ಮೊದಲೇ ವಾಸನೆ ತಿಳಿಯುವುದು ನಿಲ್ಲುತ್ತದೆ, ಚರ್ಮದ ಎಣ್ಣೆಯ ಗುಣ ಬದಲಾಗುತ್ತದೆ. ಹೊಸ ಔಷಧಿಯೊಂದು ಬಂದಿದೆ, ಇದ್ದದ್ದನ್ನು ಉಳಿಸುತ್ತದೆ. ಹೋದ ಕೈಯನ್ನು ಮರಳಿ ತರುವುದಿಲ್ಲ, ಹೋದ ವಾಸನೆ ಮರಳೀತೋ ಇಲ್ಲವೋ ಹೇಳಲು ಬರುವುದಿಲ್ಲ. ನಡುಕ ಬಂದ ಮೇಲೆ ಬಂದವರಿಗೆ ಅದರಿಂದ ದೊಡ್ಡ ಉಪಯೋಗವಿಲ್ಲ.

"ನಡುಕ ಬರೂಕಿಂತ ಮೊದಲ ನನ್ನ ಕಡೆ ಬಂದ ಮೊದಲನೇ ಪೇಷಂಟ್ ನೀವು," ಅಂದರು ಡಾಕ್ಟರು. "ಇದನ್ನ ಕಂಡು ಹಿಡದವರು ಯಾರು?"

ವಿಮಾನ ನಿಲ್ದಾಣದ ಹುಡುಗಿ ಎಂದು ಹೇಳಹೊರಟವಳು ಬಾಯಿ ಮುಚ್ಚಿಕೊಂಡೆ. "ನಾವ ಅರ್ಜಿ ಬರದು ಕೇಳಿದ್ವಿ," ಅಂದೆ. ಆಮೇಲೆ ಮೇಲಿನವರು ಶಾಹೀನಳನ್ನು ವಿಚಾರಣೆಗೆ ಕರೆದಾಗಲೂ ಇವರ ಕೈಬರಹದ ಆ ಅರ್ಜಿಯೇ ಅವಳನ್ನು ಉಳಿಸಿತು.

ಅವತ್ತು ಬಸ್ಸಿನಲ್ಲಿ ಬರುವಾಗ ನಾನು ಅತ್ತೆ. ಹಾಲಿನ ಪಾತ್ರೆಯ ಮಾತು ನೆನಪಾಗಿ ಅತ್ತೆ, ಮೂಗು ಅಡವಿಟ್ಟಿದ್ದೀರಾ ಎಂದು ಕೇಳಿದ್ದು ನೆನಪಾಗಿ ಅತ್ತೆ. ಪೆನ್ನು ಕಾಗದಕ್ಕೆ ಇನ್ನೊಂದು ಬೆರಳು ಹತ್ತಿರವಾಗಿದ್ದರೆ ಆ ಐದು ಗೆರೆಗಳೂ ಅಳಿಸಿಹೋಗುತ್ತಿದ್ದವು. ಇವರು ಕಿಟಕಿಯಾಚೆ ನೋಡುತ್ತ ನನ್ನ ಕೈಮೇಲೆ ಕೈ ಇಟ್ಟರು. ಕೈ ನಡುಗುತ್ತಿರಲಿಲ್ಲ.

ಇದಾಗಿ ಆರು ವರ್ಷ. ಇವರು ಇವತ್ತಿಗೂ ನಾಲಿಗೆ ಕೆರೆಯುತ್ತಾರೆ, ನಾನು ತಿದಿ ಒತ್ತುತ್ತೇನೆ. ಕೊಲ್ಕತ್ತಾದವರು ಲಖನೌದವರನ್ನು ಕರೆಸಲಿಲ್ಲ. ದುಡ್ಡಿನ ಪಾಳಿಗೆ ಪ್ರತಿ ವರ್ಷ ತಪ್ಪದೆ ಹಣ ಕಟ್ಟುತ್ತೇವೆ, ಹಳೆಯ ವಾಸನೆಯನ್ನೇ ಮುಂದುವರಿಸಿ ಎಂದು ಬರೆದುಕೊಡುತ್ತೇವೆ. ಪ್ರತಿ ಸಲ ಅದೇ ಎಣ್ಣೆ ಸ್ನಾನ, ಅದೇ ಲೋಬಾನ. ಧೋತರ ಎರಡು ಕಡೆ ಹರಿದಿದೆ, ಹೊಲಿದಿದ್ದೇನೆ. ಸೀರೆಯ ಅಂಚು ಸವೆದಿದೆ. ಕಿರಾಣಿ ಅಂಗಡಿಯವನು ನನ್ನನ್ನು ಕಂಡ ಕೂಡಲೇ ನುಸಿಗುಳಿಗೆಯ ಪೊಟ್ಟಣ ತೆಗೆದಿಡುತ್ತಾನೆ. ನನಗೆ ಬಾಗಿಲು ತೆರೆಯುತ್ತದೆ, ಇವರಿಗೆ ತೆರೆಯುವುದಿಲ್ಲ. ಆಗ ಶಾಹೀನ ಕಿಟಕಿಯೊಳಗಿಂದ ಅಂಗೈಯನ್ನು ನೆಲಕ್ಕೆ ಸಮವಾಗಿ ಹಿಡಿದು ತೋರಿಸುತ್ತಾಳೆ. ಗುಡ್ಡ ಬೆಳೆದಿಲ್ಲ ಎಂದು ಅದರ ಅರ್ಥ. ಈಗ ಅದು ಗುಟ್ಟೂ ಅಲ್ಲ, ನಮ್ಮ ಅರ್ಜಿ ಪ್ರತಿ ತಿಂಗಳಿಗೂ ಅವಳ ಕಡತದಲ್ಲಿದೆ. ನಾನು ತೆರೆದ ಬಾಗಿಲಿನಿಂದ ಮರಳಿ ಬಂದು ಇವರ ಜೊತೆ ದೊಡ್ಡ ಪಾಳಿಯಲ್ಲಿ ನಿಲ್ಲುತ್ತೇನೆ. ಒಂದೂವರೆ ತಾಸು. ಒಬ್ಬರಿಗೊಬ್ಬರು ಒರಗಿ ನಿಲ್ಲುತ್ತೇವೆ. ಮನೆಯಿಂದ ಒಂದು ತಾಸು ಮೊದಲೇ ಹೊರಟಿರುತ್ತೇವೆ, ನಾನು ಮೊದಲೇ ಹೇಳಿದ್ದೆನಲ್ಲ. ಆ ಹೊತ್ತಿನಲ್ಲಿ ನಾನು ಯಾರ್ಯಾರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೋ ಲೆಕ್ಕವಿಲ್ಲ. ಶಾಹೀನಳಿಗೆ, ಅವಳ ಅಪ್ಪನಿಗೆ. ಅವರ ಬಿಲ್ಲು ಈಗ ಗೋಡೆಗೆ ತೂಗುಬಿದ್ದಿದೆ. ರಂಜಾನ್ ಹಬ್ಬಕ್ಕೆ ಅವರ ಮನೆಗೆ ಹೋದಾಗ ಇವರು ಆ ನಡುಗುವ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡೇ ಕೂತಿರುತ್ತಾರೆ. ನಾಯಿಯ ಮೂಗಿಗೂ ಕೈಮುಗಿಯುತ್ತೇನೆ, ಟ್ರಂಕಿಗೂ ಕೂಡ.

ಹೋದ ತಿಂಗಳು ಕೊಲ್ಕತ್ತಾಕ್ಕೆ ಹೊರಟಿದ್ದೆವು. ನಾನು ಗೂಡಿನಿಂದ ದಾಟಿ, ಎಂದಿನಂತೆ ಮರಳಿ ಬರಲು ತಿರುಗಿದ್ದೆ. ಇವರು ಗೂಡಿನೊಳಗೆ ಚೀಲವನ್ನು ಕೆಳಗಿಡದೆಯೇ ನಿಂತಿದ್ದರು, ಹೇಗೂ ದೊಡ್ಡ ಪಾಳಿಗೆ ಹೋಗಬೇಕಲ್ಲ ಎಂದು. ಬೆಚ್ಚಗಿನ ಗಾಳಿ ಎದ್ದಿತು, ನಿಂತಿತು.

ಬಾಗಿಲು ತೆರೆಯಿತು.

ಇವರಿಗೆ ತಿಳಿಯಲಿಲ್ಲ. ತೆರೆದ ಬಾಗಿಲಿನ ಎದುರು ನಿಂತೇ ಇದ್ದರು. "ಹೋಗ್ರಿ ಅಜ್ಜಾರ, ನಿಮಗ ತೆಗದೈತಿ," ಎಂದು ಹಿಂದಿನವರು ಹೇಳಿದರು. ನಾನು ಕಿಟಕಿಯ ಕಡೆ ನೋಡಿದೆ. ಶಾಹೀನ ಎದ್ದು ನಿಂತಿದ್ದಳು, ಅಂಗೈಯನ್ನು ಸಮವಾಗಿ ಹಿಡಿದಿದ್ದವಳು ಅದನ್ನು ಮೆಲ್ಲಗೆ ಕೆಳಗೆ, ಇನ್ನೂ ಕೆಳಗೆ ಇಳಿಸಿದಳು. ಆಮೇಲೆ ಅದೇ ಕೈಯಿಂದ ಕಣ್ಣು ಒರೆಸಿಕೊಂಡಳು.

ಒಳಗೆ ಹೋಗಿ ಕುರ್ಚಿಗಳಲ್ಲಿ ಕೂತೆವು. ವಿಮಾನಕ್ಕೆ ಇನ್ನೂ ಎರಡೂವರೆ ತಾಸು ಇತ್ತು. ಇಷ್ಟು ಬೇಗ ಒಳಗೆ ಬಂದು ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಆಮೇಲೆ ಇವರು ಮುಖ ಸಿಂಡರಿಸಿ ನನ್ನಿಂದ ಒಂದು ಗೇಣು ಆಚೆ ಸರಿದರು.

"ಏನಾತು?" ಅಂದೆ.

"ಏನಿಲ್ಲ," ಅಂದರು. ಮತ್ತೆ ಮೂಗಿನ ಹತ್ತಿರ ಕೈ ಒಯ್ದರು. "ನಿನ್ನ ಸೀರಿದು ಏನಿದು, ಡಾಂಬರ ಗುಳಿಗಿ ವಾಸನಿ ಹಿಂಗ ಹೊಡ್ಯಾಕತ್ತೈತಿ."

ಹೇಳಿದ ಮೇಲೆ ಅವರಿಗೇ ಗೊತ್ತಾಯಿತು, ತಾವು ಏನು ಹೇಳಿದೆವೆಂದು. ನನ್ನ ಮುಖವನ್ನೇ ನೋಡುತ್ತ ಕೂತುಬಿಟ್ಟರು. ನಾನು ಸರಿದು ಅವರ ಪಕ್ಕಕ್ಕೆ ಹೋಗಿ, ಸೆರಗಿನ ತುದಿಯನ್ನು ಮಡಚಿ ಅವರ ಮೂಗಿನ ಹತ್ತಿರ ಹಿಡಿದೆ. ವಿಮಾನಕ್ಕೆ ಕರೆಯುವವರೆಗೂ ಹಿಡಿದೇ ಇದ್ದೆ.